ಮನೆಗೆ ಹೋಗಿ ಬರುತ್ತಿದ್ದ ರೆಸಿಸ್ಟರ್

ಅಣ್ಣಿಗೇರಿಯಿಂದ ಶಲವಡಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಅಲ್ಲಿಯ ಕಂಬಳಿ ನೇಕಾರರ ಸಂಘದ ಠರಾವು ಪುಸ್ತಕದಲ್ಲಿ ಮೂರು ಸಾಲು ನನ್ನ ಕೈಬರಹದಲ್ಲಿವೆ. ನಾನು ಆ ಸಂಘದ ಸದಸ್ಯನಲ್ಲ, ನೇಕಾರನೂ ಅಲ್ಲ. ಹುಬ್ಬಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಬ್ಯಾಟರಿ ಚಾರ್ಜರ್, ಎಮರ್ಜೆನ್ಸಿ ದೀಪ ಮಾಡಿಕೊಂಡಿದ್ದವನು. ಆದರೂ ನನ್ನ ಇಡೀ ಕೆಲಸದ ಬದುಕಿನಲ್ಲಿ ಎಲ್ಲಾದರೂ ಸಹಿ ಹಾಕಿ ತಲೆ ಎತ್ತಿಕೊಂಡು ಹೊರಗೆ ಬಂದಿದ್ದರೆ ಅದು ಆ ಮೂರು ಸಾಲಿನ ಕೆಳಗೆ. ಅದನ್ನು ಬರೆಯುವ ಹೊತ್ತಿಗೆ ನನ್ನ ಸೊಕ್ಕು ಅಗದಿ ಇಳಿದಿತ್ತು ಎನ್ನುವುದನ್ನೂ ಮೊದಲೇ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಕೊನೆಯ ಮಾತು. ಒಂದು ದಿನ ಸಂಘದ ಅಧ್ಯಕ್ಷರು ವರ್ಕ್‌ಶಾಪಿಗೆ ಬಂದರು. ತಲೆಗೆ ದೊಡ್ಡ ರುಮಾಲು, ಹೆಗಲ ಮೇಲೆ ಕರಿ ಕಂಬಳಿ, ಮಾತು ಕಡಿಮೆ. ಉಣ್ಣೆ ಹಿಂಜಲು ಅವರಲ್ಲಿ ಕೈಯಿಂದ ತಿರುಗಿಸುವ ಒಂದು ಯಂತ್ರವಿತ್ತು. ಮೈತುಂಬ ತಂತಿಯ ಹಲ್ಲುಗಳಿರುವ ಎರಡು ಡ್ರಮ್ಮುಗಳು ಒಂದಕ್ಕೊಂದು ತಾಗಿ ತಿರುಗಿ ಉಣ್ಣೆಯ ಗಂಟು ಬಿಡಿಸುತ್ತವೆ. ಒಬ್ಬರು ತಿರುಗಿಸಬೇಕು, ಇನ್ನೊಬ್ಬರು ಉಣ್ಣೆ ಕೊಡುತ್ತ ಹೋಗಬೇಕು.

"ಇದಕ್ಕ ಮೋಟಾರ್ ಹಚ್ಚಿ ಕೊಡ್ರಿ. ಆದ್ರ ಕರೆಂಟ್ ನಂಬಂಗಿಲ್ರಿ, ಬ್ಯಾಟರಿ ಮ್ಯಾಲ ನಡೀಬೇಕು" ಎಂದರು.

ಲಾರಿಯ ವೈಪರ್ ಮೋಟಾರು ಹಚ್ಚಿದೆ. ಹನ್ನೆರಡು ವೋಲ್ಟಿನ ಬ್ಯಾಟರಿ, ಅದಕ್ಕೊಂದು ಚಾರ್ಜರ್. ಉಣ್ಣೆ ಕೊಡುವವರಿಗೆ ಎರಡೂ ಕೈ ಬೇಕಾದ್ದರಿಂದ ಸ್ವಿಚ್ಚು ಕಾಲಿಗೆ ಬಂತು, ಹೊಲಿಗೆ ಯಂತ್ರಕ್ಕೆ ಇರುವಂಥ ಪೆಡಲ್. ಒತ್ತಿದರೆ ತಿರುಗಬೇಕು, ಬಿಟ್ಟರೆ ನಿಲ್ಲಬೇಕು. ಮೊದಲು ಮೋಟಾರನ್ನು ರಿಲೇ ಎಂಬ ವಿದ್ಯುತ್ ಸ್ವಿಚ್ಚಿನ ಮೂಲಕ ನಡೆಸಿದೆ. ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ಗಾಳಿಯಲ್ಲಿ ಹಾರುವ ಉಣ್ಣೆಯ ನವಿರು ರಿಲೇಯೊಳಗೆ ಸೇರಿಕೊಂಡಿತು. ರಿಲೇ ಪ್ರತಿ ಸಲ ಬಿಟ್ಟು ಹಿಡಿಯುವಾಗ ಒಂದು ಕಿಡಿ ಹಾರುತ್ತದಲ್ಲ, ಆ ಕಿಡಿಗೆ ನವಿರು ಕಮರಿ ಕೂದಲು ಸುಟ್ಟ ವಾಸನೆ ಶೆಡ್ಡಿನ ತುಂಬ ಹರಡಿತು. ಮೂಲೆಯಲ್ಲಿ ಆಳೆತ್ತರ ಉಣ್ಣೆ ಬಿದ್ದಿತ್ತು. ಅಂದೇ ರಿಲೇ ಕಿತ್ತು ಹಾಕಿದೆ.

ಕಿಡಿಯೇ ಇಲ್ಲದ ಸ್ವಿಚ್ಚು ಬೇಕಿತ್ತು. ಅದೇ ಹೊತ್ತಿಗೆ ನಮ್ಮ ಮಾಲಕರು ಮುಂಬೈಯಿಂದ ನಾಲ್ಕು ಪವರ್ ಮಾಸ್‌ಫೆಟ್ ತರಿಸಿದ್ದರು. ಕಿಡಿಯಿಲ್ಲದೆ ಕರೆಂಟು ಬಿಟ್ಟು ಹಿಡಿಯುವ ಟ್ರಾನ್ಸಿಸ್ಟರು ಅದು, ನಮ್ಮ ಕಡೆಗೆ ಹೊಸ ಸರಕು. ಬೆಳ್ಳಿ ಕಾಗದದಲ್ಲಿ ಸುತ್ತಿದ್ದ ಅವನ್ನು ಕೊಡುವಾಗ "ಇವುಗಳ ಕಾಲಿಗೆ ಬಟ್ಟು ಹಚ್ಚಬ್ಯಾಡಪಾ, ಮುಟ್ಟಿದ್ರ ಸಾಯ್ತಾವು" ಎಂದು ಎಚ್ಚರಿಸಿದರು.

ಮಾಸ್‌ಫೆಟ್ಟಿಗೆ ಮೂರು ಕಾಲು. ಮೋಟಾರಿನ ಕರೆಂಟು ಎರಡು ಕಾಲುಗಳ ನಡುವೆ ಹರಿಯುತ್ತದೆ. ಹರಿಯಬೇಕೋ ಬೇಡವೋ ಎಂದು ತೀರ್ಮಾನಿಸುವುದು ಮೂರನೆಯ ಕಾಲು, ಗೇಟು. ಗೇಟಿಗೆ ವೋಲ್ಟೇಜು ಕೊಟ್ಟರೆ ಮೋಟಾರು ತಿರುಗುತ್ತದೆ. ಆದರೆ ಗೇಟು ಬಹಳ ವಿಚಿತ್ರದ್ದು. ಅದು ಕರೆಂಟು ಕುಡಿಯುವುದಿಲ್ಲ, ಕೊಟ್ಟ ಚಾರ್ಜನ್ನು ಹಿಡಿದುಕೊಂಡು ಕೂರುತ್ತದೆ. ನೀವು ಕೊಡುವುದನ್ನು ನಿಲ್ಲಿಸಿದರೂ ಅದು ತೆರೆದೇ ಇರಬಹುದು. ಅದಕ್ಕಾಗಿ ಗೇಟಿನಿಂದ ನೆಗೆಟಿವ್ ಕಡೆಗೆ ಒಂದು ರೆಸಿಸ್ಟರ್ ಹಾಕಬೇಕು. ಯಾರೂ ಹೇಳದಿದ್ದಾಗ ಆ ರೆಸಿಸ್ಟರ್ ಗೇಟಿನ ಚಾರ್ಜನ್ನು ಇಳಿಸಿ ಮೋಟಾರನ್ನು ಬಂದ್ ಮಾಡುತ್ತದೆ.

ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸರ್ಕ್ಯೂಟ್ ಬೋರ್ಡಿನ ನಕ್ಷೆ ಬರೆಯುವಾಗ ಮರೆತೆ. ವರ್ಕ್‌ಶಾಪಿನಲ್ಲಿ ಮೊದಲ ಸಲ ಪೆಡಲ್ ಒತ್ತಿ ಕಾಲು ತೆಗೆದಾಗ ಮೋಟಾರು ನಿಲ್ಲಲೇ ಇಲ್ಲ. ಆಗ ನೆನಪಾಯಿತು. ಆದರೆ ಬೋರ್ಡು ಅಷ್ಟರಲ್ಲಿ ಪೆಟ್ಟಿಗೆಯೊಳಗೆ ಕೂತಾಗಿತ್ತು, ಒಳಗೆ ಬೆರಳು ತೂರಲೂ ಜಾಗವಿರಲಿಲ್ಲ. ಪೆಡಲ್ಲಿನ ಹೊಟ್ಟೆಯಲ್ಲಿ ಬೇಕಾದಷ್ಟು ಜಾಗವಿತ್ತು, ಗೇಟಿನ ತಂತಿಯೂ ನೆಗೆಟಿವ್ ತಂತಿಯೂ ಅಲ್ಲಿಗೆ ಬಂದಿದ್ದವು. ಅಲ್ಲೇ ಹತ್ತು ಕಿಲೋ ಓಮಿನ ರೆಸಿಸ್ಟರ್ ಬೆಸೆದುಬಿಟ್ಟೆ. ಕಾಲು ತೆಗೆದ ತಕ್ಷಣ ಮೋಟಾರು ಟಕ್ಕೆಂದು ನಿಂತಿತು. ಮಾಲಕರು ಬೆನ್ನು ತಟ್ಟಿದರು. ನಾನೂ ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಂಡೆ.

ಯಂತ್ರ ಹಳ್ಳಿಗೆ ಹೋದದ್ದು ಮಳೆಗಾಲದಲ್ಲಿ. ಎರೆ ಮಣ್ಣಿನಲ್ಲಿ ಚಪ್ಪಲಿ ಕಿತ್ತು ಕೈಯಲ್ಲಿ ಹಿಡಿದು, ಯಂತ್ರವನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹೋದೆವು. ಅದನ್ನು ನಡೆಸಲು ಸಂಘದವರು ಆರಿಸಿದ್ದು ಸುಮಾರು ಐವತ್ತು ವರ್ಷದ ಒಬ್ಬ ಹೆಂಗಸನ್ನು. ಹುಟ್ಟಿದಾಗಿನಿಂದ ಉಣ್ಣೆಯಲ್ಲೇ ಬೆಳೆದ ಕೈ. ಉಣ್ಣೆ ಮುಟ್ಟಿ ಅದು ಯಾವ ಕುರಿಯದು, ಮೊದಲ ಕತ್ತರಿಯದೋ ಎರಡನೆಯದೋ ಹೇಳುತ್ತಿದ್ದಳು. ಕೆಲವೇ ದಿನದಲ್ಲಿ ಊರೆಲ್ಲ ಅವಳನ್ನು 'ಯಂತ್ರದವ್ವ' ಎನ್ನತೊಡಗಿತು. ಅವಳಿಗೂ ಅದು ಸೇರಿತ್ತು.

ನಾನು ಅವಳಿಗೆ ಕಲಿಸಿದ್ದು ಎರಡೇ ಮಾತು. "ಯವ್ವಾ, ಕೆಲಸ ಮುಗಿದ ಮ್ಯಾಲ ಈ ಪೆಡಲ್ಲನ್ನ ಪೆಟಿಗಿ ಪಿನ್ನಿಂದ ಕಿತ್ತಿಟ್ಕೋರಿ. ಪೆಡಲ್ ಇಲ್ಲಂದ್ರ ಯಂತ್ರ ಸತ್ತಂಗ. ಆಮ್ಯಾಲ ಧೈರ್ಯಲೆ ಕೈ ಹಾಕಿ ಹಲ್ಲು ಸ್ವಚ್ಛ ಮಾಡ್ರಿ."

ಅವಳು ಆ ಮಾತನ್ನು ವಚನದಂತೆ ಪಾಲಿಸಿದಳು. ಸಂಜೆ ಪೆಡಲ್ ಕಿತ್ತು, ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ದು ಗೋಡೆಯ ದೇವರ ಮಾಡದಲ್ಲಿ ಇಡುತ್ತಿದ್ದಳು. ಶೆಡ್ಡಿಗೆ ಬಾಗಿಲು ಸರಿಯಿರಲಿಲ್ಲ, ಹುಡುಗರು ಬಂದು ತಿರುಗಿಸಿಯಾರು ಎಂಬ ಹೆದರಿಕೆ. ಹೋಗುವ ಮುಂಚೆ ಯಂತ್ರದ ಮೇಲೆ ಒಂದು ಕಂಬಳಿ ಹೊದಿಸುತ್ತಿದ್ದಳು. ಅನ್ನ ಕೊಡುವ ಯಂತ್ರವನ್ನು ಬರಿ ಮೈಯಲ್ಲಿ ಬಿಟ್ಟು ಹೋಗುವುದು ಅವರಲ್ಲಿ ಇಲ್ಲ. ದೇವರನ್ನು ಕೂಡಿಸುವುದೇ ಕಂಬಳಿಯ ಮೇಲೆ, ಇನ್ನು ಯಂತ್ರಕ್ಕೆ ಬೇರೆ ಏನು ಹೊದಿಸಿಯಾರು? ಬೆಳಿಗ್ಗೆ ಬಂದು ಕಂಬಳಿ ಎಳೆದು, ಕೈಮುಗಿದು, ಹಿಂದಿನ ದಿನದ ಉಣ್ಣೆಯನ್ನು ಡ್ರಮ್ಮಿನ ಹಲ್ಲುಗಳಿಂದ ಬೆರಳಲ್ಲಿ ಕಿತ್ತು, ಎಲ್ಲ ಆದ ಮೇಲೆ ಪೆಡಲ್ ಜೋಡಿಸುತ್ತಿದ್ದಳು. ನಾಲ್ಕು ತಿಂಗಳು ಒಂದು ದೂರೂ ಬರಲಿಲ್ಲ.

ದೀಪಾವಳಿ ಕಳೆದು ಒಣ ಗಾಳಿ ಶುರುವಾದ ಮೇಲೆ ಒಂದು ಕಾರ್ಡು ಬಂತು. ಯಂತ್ರ ತಾನಾಗಿ ತಿರುಗಿತಂತೆ, ಬಂದು ನೋಡಬೇಕಂತೆ. ಹೋದೆ. ಪೆಡಲ್ ಜೋಡಿಸಿ ಇಪ್ಪತ್ತು ಸಲ ಒತ್ತಿ ಬಿಟ್ಟು ನೋಡಿದೆ. ಒಂದು ಸಲವೂ ತಪ್ಪಲಿಲ್ಲ.

"ಪೆಡಲ್ ಹಂಗ ಇಟ್ಟಿದ್ರೇನು?" ಎಂದು ಕೇಳಿದೆ.

"ಪೆಡಲ್ ಮನ್ಯಾಗಿತ್ರಿ" ಎಂದಳು.

ಹೌದು ಎಂದು ತಲೆಯಾಡಿಸಿದೆ, ನಂಬಲಿಲ್ಲ. ಪೆಡಲ್ ಇಲ್ಲದೆ ಗೇಟಿಗೆ ವೋಲ್ಟೇಜು ಬರುವ ದಾರಿಯೇ ಇಲ್ಲ ಎಂದು ನನ್ನ ಲೆಕ್ಕ. ಆದರೂ ಸಮಾಧಾನಕ್ಕೆ ಮಾಸ್‌ಫೆಟ್ ಬದಲಿಸಿ ಬಂದೆ. ಹದಿನೈದು ದಿನಕ್ಕೆ ಮತ್ತೆ ಅದೇ ದೂರು. ಈ ಸಲ ಪೆಡಲ್ಲಿನ ಒಳಗಿನ ಸ್ವಿಚ್ಚನ್ನೂ ಕೇಬಲ್ಲನ್ನೂ ಬದಲಿಸಿದೆ. ಹೊಸ ಸ್ವಿಚ್ಚಿಗೆ ಹಳೆಯ ರೆಸಿಸ್ಟರನ್ನು ನಾನೇ ಜೋಪಾನವಾಗಿ ಬೆಸೆದೆ. ಅವಳನ್ನು ಮತ್ತೆ ಕೇಳಿದೆ. ಮತ್ತೆ ಅದೇ ಉತ್ತರ: "ಪೆಡಲ್ ಮನ್ಯಾಗಿತ್ರಿ."

ಮೂರನೆಯ ಸಲ ಬಂದದ್ದು ಕಾರ್ಡಲ್ಲ, ಅಧ್ಯಕ್ಷರೇ ಬಂದರು. ಬೆಳಿಗ್ಗೆ ಹಲ್ಲು ಸ್ವಚ್ಛ ಮಾಡುವಾಗ ಡ್ರಮ್ಮು ತಿರುಗಿ ಯಂತ್ರದವ್ವನ ಎರಡು ಬೆರಳ ತುದಿ ಹರಿದಿತ್ತು. ಬಳೆ ಹಲ್ಲಿಗೆ ಸಿಕ್ಕಿ ಒಡೆದು ಕೈ ಹಿಂದಕ್ಕೆ ಬಂದದ್ದರಿಂದ ಪೂರ್ತಿ ಕೈ ಉಳಿಯಿತು. ಅಂದೇ ಮಧ್ಯಾಹ್ನ ಸಭೆ ಕರೆದಿದ್ದರು, ನಾನೂ ಹೋದೆ. ಅವಳು ಬ್ಯಾಂಡೇಜು ಸುತ್ತಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲ ಬಳಿ ಕೂತಿದ್ದಳು.

ಯಂತ್ರದಲ್ಲಿ ದೋಷವಿದೆಯೇ ಎಂದು ಅಧ್ಯಕ್ಷರು ನನ್ನನ್ನು ಕೇಳಿದರು. ಎರಡು ಸಲ ಬಂದು ಏನೂ ಸಿಗದೆ ಹೋದ ಸಿಟ್ಟು ನನ್ನ ಮೂಗಿನ ಮೇಲೆ ಇತ್ತು. "ಯಂತ್ರದಾಗ ಏನೂ ದೋಷ ಇಲ್ರಿ. ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ" ಎಂದುಬಿಟ್ಟೆ. ಎಲ್ಲರೂ ನಕ್ಕರು. ನನ್ನ ಬಾಯಿಂದ ಬಂದ ಮಾತುಗಳಲ್ಲಿ ಇವತ್ತಿಗೂ ನನ್ನನ್ನು ಚುಚ್ಚುವುದು ಅದೊಂದೇ.

ಅವಳು ನಗಲಿಲ್ಲ, ಅಳಲೂ ಇಲ್ಲ. "ನಗ್ರಿ, ನಗ್ರಿ. ಪೆಡಲ್ ಮನ್ಯಾಗಿತ್ತು. ದೇವರ ಮಾಡದಾಗಿತ್ತು. ಅದನ್ನ ಮುಟ್ಟಿ ನಾ ಸುಳ್ಳ ಹೇಳಂಗಿಲ್ಲ" ಎಂದು ಎದ್ದು ಹೋದಳು. ಠರಾವು ಪುಸ್ತಕದಲ್ಲಿ ಅಧ್ಯಕ್ಷರು ಬರೆದರು: ನಡೆಸುವವಳ ನಿಷ್ಕಾಳಜಿಯಿಂದ ಅಪಘಾತ ಆಗಿದೆ, ಬರುವ ಸೋಮವಾರದಿಂದ ಯಂತ್ರ ಬೇರೆಯವರ ಕೈಗೆ.

ಹುಬ್ಬಳ್ಳಿಗೆ ವಾಪಸು ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನನ್ನನ್ನು ನಾನೇ ಸಮರ್ಥಿಸಿಕೊಳ್ಳುತ್ತಿದ್ದೆ. ಹೊರಗೆ ಹಿಂಗಾರಿ ಜೋಳ ಮೊಳಕಾಲುದ್ದ ನಿಂತಿತ್ತು. ಆ ಹೆಂಗಸು ಸುಳ್ಳು ಹೇಳುವುದೇ ಆಗಿದ್ದರೆ ನಂಬುವಂಥ ಸುಳ್ಳು ಹೇಳುತ್ತಿದ್ದಳಲ್ಲ ಎಂಬ ಯೋಚನೆ ನನ್ನ ತಲೆಗೆ ಬಂದದ್ದು ಎಲ್ಲಿ ಎಂದು ಸರಿಯಾಗಿ ನೆನಪಿಲ್ಲ. 'ಕಾಲು ತಾಗಿತ್ತೋ ಏನೋ', 'ಯಾರೋ ಒತ್ತಿದರೋ ಏನೋ' ಎನ್ನಬಹುದಿತ್ತು. ಮೂರು ಸಲವೂ ಒಂದೇ ಮಾತು, ಅದೂ ನಾನು ಸಾಧ್ಯವೇ ಇಲ್ಲ ಎನ್ನುವ ಮಾತು. ಮೀಟರು ಮೂರು ಸಲ ಒಂದೇ ರೀಡಿಂಗ್ ತೋರಿಸಿದರೆ ನಾನು ಮೀಟರನ್ನು ಬೈಯುತ್ತೇನೆಯೇ? ಸರ್ಕ್ಯೂಟು ಬಿಚ್ಚುತ್ತೇನೆ.

ಇಷ್ಟು ದಿನ ಯಂತ್ರ ನೋಡಿದ್ದಾಯಿತು, ಇನ್ನು ಅವಳ ಕೆಲಸ ನೋಡಬೇಕು ಎಂದು ನಿರ್ಧರಿಸಿದೆ. ಮಾಲಕರಿಗೆ ಹೇಳಿ ಮರುದಿನ ಮೊದಲ ಬಸ್ಸಿಗೆ ಹತ್ತಿದೆ. ಸೋಮವಾರಕ್ಕೆ ಇನ್ನು ಎರಡು ದಿನ ಇತ್ತು.

ಅವಳ ಮನೆ ಬಾಗಿಲಿಗೆ ಹೋಗಿ ನಿಂತಾಗ ಅವಳು ಒಳಗೆ ಕರೆಯಲಿಲ್ಲ. "ಯಾಕ್ರಿ ಸಾಹೇಬ್ರ, ನೆಲಾ ಡೊಂಕ ಐತೇನಂತ ನೋಡಾಕ ಬಂದ್ರ್ಯಾ?" ಎಂದಳು.

"ಹೌದ್ರಿ ಯವ್ವಾ, ನೆಲಾನ ನೋಡಾಕ ಬಂದೇನಿ. ದಿನಾ ಏನ್ ಮಾಡ್ತೀರಿ ಅದನ್ನ ನನ್ನ ಮುಂದ ಮಾಡ್ರಿ. ನಾ ಏನೂ ಮುಟ್ಟಂಗಿಲ್ಲ. ಡ್ರಮ್ಮಿಗೆ ಮಾತ್ರ ಕೈ ಹಾಕಬ್ಯಾಡ್ರಿ."

ಅವಳು ಮಾಡದಿಂದ ಬಟ್ಟೆಯ ಗಂಟು ತೆಗೆದುಕೊಂಡು ಹೊರಟಳು. ಶೆಡ್ಡಿನಲ್ಲಿ ನಾನು ಕೈಕಟ್ಟಿಕೊಂಡು ಗೋಡೆಗೆ ಒರಗಿ ಕೂತೆ. ಅವಳು ಗಂಟನ್ನು ದೂರದ ಹಲಗೆಯ ಮೇಲೆ ಇಟ್ಟಳು, ಬಿಚ್ಚಲೂ ಇಲ್ಲ. ಯಂತ್ರದ ಮೇಲಿನ ಕಂಬಳಿಯ ಒಂದು ತುದಿ ಹಿಡಿದು ಎಳೆದಳು. ಬೆಳಗಿನ ಒಣ ಚಳಿಯಲ್ಲಿ ಕಂಬಳಿ ಚಟಚಟ ಸದ್ದು ಮಾಡಿತು. ಅವಳ ಮುಂಗೈಯ ಸಣ್ಣ ಕೂದಲು ಎದ್ದು ನಿಂತದ್ದು ನನಗೆ ಕಾಣಿಸಿತು. ಕಂಬಳಿಯ ಅಂಚು ಪೆಟ್ಟಿಗೆಯ ಮಗ್ಗುಲಲ್ಲಿ ಪೆಡಲ್ ಜೋಡಿಸುವ ಬರಿ ಪಿನ್ನುಗಳನ್ನು ಸವರಿಕೊಂಡು ಹೋಯಿತು.

ಡ್ರಮ್ಮು ಗುರ್ರೆಂದು ತಿರುಗಿತು.

ನಾನು ಎದ್ದು ನಿಂತಿದ್ದೆ. ಪೆಡಲ್ ಆರಡಿ ದೂರದಲ್ಲಿ ಬಟ್ಟೆಯೊಳಗೆ ಮಲಗಿತ್ತು. ಯಂತ್ರ ನಿಲ್ಲಲಿಲ್ಲ, ತಿರುಗುತ್ತಲೇ ಇತ್ತು. ಅವಳು ಯಂತ್ರದ ಕಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಓಡಿ ಹೋಗಿ ಬ್ಯಾಟರಿಯ ಫ್ಯೂಸು ಕಿತ್ತೆ.

ನೆಲದ ಮೇಲೆ ಕುಕ್ಕರಿಸಿದೆ. ಗೇಟು ತೆರೆದೇ ಉಳಿದಿದೆ ಎಂದರೆ ಅದನ್ನು ಇಳಿಸುವ ರೆಸಿಸ್ಟರ್ ಎಲ್ಲಿ? ಕಣ್ಣು ಆ ಬಟ್ಟೆಯ ಗಂಟಿನ ಮೇಲೆ ಬಿತ್ತು. ಹಣೆ ಹಣೆ ಬಡಿದುಕೊಂಡೆ. ರೆಸಿಸ್ಟರ್ ಪ್ರತಿ ಸಂಜೆ ಪೆಡಲ್ಲಿನ ಜೊತೆ ಅವಳ ಮನೆಗೆ ಹೋಗಿ ದೇವರ ಮಾಡದಲ್ಲಿ ಮಲಗಿ ಬರುತ್ತಿತ್ತು. ಇಲ್ಲಿ ಗೇಟು ಅನಾಥವಾಗಿ ಗಾಳಿಯಲ್ಲಿ ತೂಗುತ್ತಿತ್ತು. ಮಳೆಗಾಲದ ಹಸಿಯಲ್ಲಿ ಉಣ್ಣೆಗೆ ಚಾರ್ಜು ನಿಲ್ಲುವುದಿಲ್ಲ, ಅದಕ್ಕೆ ನಾಲ್ಕು ತಿಂಗಳು ಸುಮ್ಮನಿತ್ತು. ಒಣ ಗಾಳಿ ಬಂದ ಮೇಲೆ ಕಂಬಳಿ ಎಳೆದಾಗಲೆಲ್ಲ ಹುಟ್ಟುವ ಆ ಚಟಚಟದ ಚಾರ್ಜಿಗೆ ಪಿನ್ನಿನ ಮೂಲಕ ನೇರ ಗೇಟಿಗೇ ದಾರಿ. ಒಮ್ಮೊಮ್ಮೆ ಕಂಬಳಿ ಎಳೆದವಳ ಬೆರಳೇ ಪಿನ್ನಿಗೆ ತಾಗಿದರೂ ಸಾಕಿತ್ತು, ಹಲ್ಲು ಸ್ವಚ್ಛ ಮಾಡುವಾಗ ಆದದ್ದು ಅದೇ. ಇನ್ನು ನಾನು? ಪರೀಕ್ಷೆ ಮಾಡಲು ಬಂದಾಗಲೆಲ್ಲ ಮೊದಲು ಪೆಡಲ್ ಜೋಡಿಸುತ್ತಿದ್ದೆ. ಅಂದರೆ ಔಷಧ ಕೊಟ್ಟು ಆಮೇಲೆ ರೋಗ ಹುಡುಕುತ್ತಿದ್ದೆ.

ಪೆಡಲ್ ಕಿತ್ತರೆ ಯಂತ್ರ ಸತ್ತಂತೆ ಎಂದು ಹೇಳಿಕೊಟ್ಟವನು ನಾನು. ಅವಳು ಹೇಳಿದಂತೆ ಕಿತ್ತಳು, ಹೇಳಿದಂತೆ ಧೈರ್ಯದಿಂದ ಕೈ ಹಾಕಿದಳು.

ಅವಳಿಗೆ ಎಲ್ಲ ಹೇಳಿದೆ. ಚಾರ್ಜು, ಗೇಟು ಅಂತ ನಾನು ಒದ್ದಾಡುತ್ತಿರುವಾಗ ಅವಳೇ ಮಾತು ತಡೆದಳು. "ಹಿತ್ತಲ ಬಾಗಲಕ್ಕ ಕಲ್ಲ ಕಟ್ಟಿರ್ತೇವಲ್ರಿ, ತಾನ ಮುಚ್ಚಿಕೊಳ್ಳಲಿ ಅಂತ? ಆ ಕಲ್ಲ ಬಿಚ್ಚಿ ನನ್ನ ಉಡ್ಯಾಗ ಹಾಕಿ ಕಳಿಸಿ, ಬಾಗಲಾ ಗಾಳಿಗೆ ಬಿಟ್ಟಂಗಾತು."

ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ. ಆಮೇಲೆ ಎಷ್ಟೋ ಜನಕ್ಕೆ ನಾನು ಇದೇ ಮಾತಿನಲ್ಲಿ ಕಲಿಸಿದ್ದೇನೆ.

ಗುಟ್ಟಾಗಿ ರಿಪೇರಿ ಮಾಡಿ ಹೋಗಬಹುದಿತ್ತು. ಯಂತ್ರ ಸರಿಯಾಗುತ್ತಿತ್ತು, ಆದರೆ ಸೋಮವಾರ ಅವಳು ಮನೆಯಲ್ಲೇ ಕೂರುತ್ತಿದ್ದಳು. "ಅಧ್ಯಕ್ಷರನ್ನ ಕರೀರಿ, ಎಲ್ಲಾರನೂ ಕರೀರಿ" ಎಂದೆ.

ಮಗ್ಗ ಬಿಟ್ಟು ನೇಕಾರರೆಲ್ಲ ಬಂದು ಸುತ್ತ ನಿಂತರು. ಪೆಡಲ್ ಒಮ್ಮೆ ಜೋಡಿಸಿ ಗೇಟಿನ ಚಾರ್ಜು ಇಳಿಸಿ ಕಿತ್ತೆ, ಫ್ಯೂಸು ಮತ್ತೆ ಹಾಕಿದೆ. ಪೆಡಲ್ಲನ್ನು ಅಧ್ಯಕ್ಷರ ಕೈಗೇ ಕೊಟ್ಟು, ಅವರ ಹೆಗಲ ಮೇಲಿನ ಕಂಬಳಿಯನ್ನೇ ಯಂತ್ರದ ಮೇಲೆ ಹೊದಿಸಿ ಎಳೆಯಲು ಹೇಳಿದೆ. ಮೊದಲ ಸಲ ಏನೂ ಆಗಲಿಲ್ಲ. ಯಾರೋ ಹಿಂದಿನಿಂದ ಕೆಮ್ಮಿದರು. ಎರಡನೆಯ ಸಲ ಎಳೆದರು. ಡ್ರಮ್ಮು ಗುರ್ರೆಂದಿತು. ಅಧ್ಯಕ್ಷರು "ಶಿವಶಿವಾ!" ಎಂದು ಹಿಂದಕ್ಕೆ ನೆಗೆದವರು ಕೈಯಲ್ಲಿದ್ದ ಪೆಡಲ್ಲನ್ನೇ ಮಿಕಿಮಿಕಿ ನೋಡಿದರು.

ಫ್ಯೂಸು ಕಿತ್ತು, ಅವರೆಲ್ಲರ ಮುಂದೆಯೇ ಪೆಟ್ಟಿಗೆ ಬಿಚ್ಚಿದೆ. ಕರೆಂಟು ಇರಲಿಲ್ಲ. ನೂಲಿಗೆ ಹಚ್ಚುವ ಹುಣಸೆ ಬೀಜದ ಗಂಜಿ ಒಂದು ಒಲೆಯ ಮೇಲೆ ಕುದಿಯುತ್ತಿತ್ತು. ಅದೇ ಒಲೆಯ ಕೆಂಡದಲ್ಲಿ ನನ್ನ ಹಳೆಯ ತಾಮ್ರದ ಬೆಸುಗೆ ಕಡ್ಡಿ ಕಾಯಿಸಿದೆ. ಬೋರ್ಡು ಹೊರಗೆ ತೆಗೆದು, ಚಾರ್ಜಿನ ಪೆಟ್ಟು ತಿಂದಿದ್ದ ಮಾಸ್‌ಫೆಟ್ ಬಿಚ್ಚಿ ಹೊಸದು ಹಾಕಿದೆ. ಹತ್ತು ಕಿಲೋ ಓಮಿನ ರೆಸಿಸ್ಟರನ್ನು ಈ ಸಲ ಅದರ ಗೇಟಿಗೂ ನೆಗೆಟಿವ್ ಕಾಲಿಗೂ ನೇರ, ಕಾಲಿನ ಬುಡದಲ್ಲೇ ಬೆಸೆದೆ. ಅದನ್ನು ಇನ್ನು ಯಾರೂ ಕಿತ್ತು ಮನೆಗೆ ಒಯ್ಯುವಂತಿರಲಿಲ್ಲ. ಜೊತೆಗೆ ಚಾರ್ಜು ಮಿತಿ ಮೀರಿದರೆ ಗೇಟು ಸೀಳದಿರಲಿ ಎಂದು ಒಂದು ಜೀನರ್ ಡಯೋಡು. ಇಡೀ ಕೆಲಸಕ್ಕೆ ಗಂಜಿ ಎರಡು ಸಲ ಕಲಕುವಷ್ಟು ಹೊತ್ತು ಹಿಡಿಯಿತು.

ಫ್ಯೂಸು ಹಾಕಿದ ಮೇಲೆ ಅಧ್ಯಕ್ಷರು ಕಂಬಳಿ ಎಳೆದರು. ಡ್ರಮ್ಮು ಕದಲಲಿಲ್ಲ. ಐದು ಸಲ, ಹತ್ತು ಸಲ ಎಳೆದರು. ಇಲ್ಲ.

"ಆತಲ್ರಿ" ಎಂದು ಒಬ್ಬ ನೇಕಾರ ಹೇಳಿದ. "ಆದ್ರ ಕೈ ಹಾಕವ್ರು ಯಾರು?"

ನಾನು ಎಡಗೈಯ ನಾಲ್ಕು ಬೆರಳು ಎರಡು ಡ್ರಮ್ಮಿನ ನಡುವೆ, ಹಲ್ಲುಗಳ ಮೇಲೆ ಇಟ್ಟೆ. "ಯವ್ವಾ, ಈಗ ನೀವು ಎಳೀರಿ" ಎಂದೆ.

ಅವಳು ಗಾಯವಿಲ್ಲದ ಕೈಯಲ್ಲಿ ಕಂಬಳಿಯ ತುದಿ ಹಿಡಿದಳು. ತಕ್ಷಣ ಎಳೆಯಲಿಲ್ಲ. ನನ್ನ ಹಣೆಯ ಮೇಲೆ ಆ ಚಳಿಯಲ್ಲೂ ಬೆವರು.

"ಅಂಜಿಕಿ ಬಂತೇನ್ರಿ ಸಾಹೇಬ್ರ?"

"ಬಂತ್ರಿ."

"ಬರಬೇಕು" ಎಂದಳು, ಎಳೆದಳು.

ಚಟಚಟ ಸದ್ದಾಯಿತು. ಹಲ್ಲುಗಳು ನನ್ನ ಬೆರಳ ಕೆಳಗೆ ತಣ್ಣಗೆ ಹಾಗೇ ಇದ್ದವು. ಅವಳು ಮತ್ತೊಂದು ಸಲ, ಇನ್ನಷ್ಟು ಜೋರಾಗಿ ಎಳೆದಳು. ಏನೂ ಇಲ್ಲ. ಕೈ ತೆಗೆದಾಗ ನನಗಾದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಕಡಲೆ ಕಾಳಿಗಿಂತ ಸಣ್ಣದಾದ ಒಂದು ತುಣುಕನ್ನು ಅದು ಇರಬೇಕಾದ ಜಾಗದಲ್ಲಿ ಇಟ್ಟಿದ್ದೆ, ಅದನ್ನು ನಂಬಿ ನನ್ನ ಕೈ ಕೊಟ್ಟಿದ್ದೆ, ಅದು ನನ್ನ ಕೈ ಉಳಿಸಿತ್ತು. ಅದೊಂದನ್ನೇ ನಂಬಿ ಇನ್ನೊಬ್ಬರ ಬೆರಳು ಬಿಡಬಾರದು ಎಂದು ಮರುವಾರ ಬಂದು ಬ್ಯಾಟರಿ ತಂತಿಗೆ ಲಾರಿಯ ದಪ್ಪ ಮೇನ್ ಸ್ವಿಚ್ಚನ್ನೂ ಹಾಕಿದೆ, ಪಿನ್ನುಗಳಿಗೆ ಮುಚ್ಚಳ ಮಾಡಿದೆ.

ಜನ ಚದುರುತ್ತಿದ್ದರು. ಅಧ್ಯಕ್ಷರು "ಸೋಮವಾರದಿಂದ ನೀನ ನಡಸವಾ" ಎಂದರು.

ಅವಳು ಕದಲಲಿಲ್ಲ. "ಪುಸ್ತಕ ತರ್ರಿ. ಅದರಾಗ ಬರದೀರಲ್ಲ, ನಾ ನಿಷ್ಕಾಳಜಿ ಅಂತ? ನನಗ ಓದಾಕ ಬರಂಗಿಲ್ಲ, ನನ್ನ ಮೊಮ್ಮಕ್ಕಳಿಗೆ ಬರತೈತಿ."

ಪುಸ್ತಕ ಬಂತು. ಅಧ್ಯಕ್ಷರು ಪೆನ್ನಿನ ಟೋಪಿ ತೆಗೆದು ಏನು ಬರೆಯಬೇಕೆಂದು ತಿಳಿಯದೆ ಕೂತರು. "ಕೊಡ್ರಿ ಇಲ್ಲೆ" ಎಂದು ಇಸಿದುಕೊಂಡೆ. ಹಳೆಯ ಸಾಲಿನ ಮೇಲೆ ಗೆರೆ ಎಳೆದು ಕೆಳಗೆ ಬರೆದೆ:

'ಯಂತ್ರ ತಾನಾಗಿ ತಿರುಗಿದ್ದು ನಿಜ. ಯಂತ್ರ ನಡೆಸುವವರ ತಪ್ಪು ಏನೂ ಇಲ್ಲ. ರೆಸಿಸ್ಟರನ್ನು ತಪ್ಪು ಜಾಗದಲ್ಲಿ ಇಟ್ಟ ತಪ್ಪು ಯಂತ್ರ ಮಾಡಿದ ನನ್ನದು.'

ಸಹಿ ಹಾಕಿದೆ. "ಓದ್ರಿ" ಎಂದಳು. ಅಧ್ಯಕ್ಷರು ಓದಿದರು.

"ಇನ್ನೊಮ್ಮೆ ಓದ್ರಿ, ಬಾಗಲದಾಗ ನಿಂತವ್ರಿಗೂ ಕೇಳಲಿ."

ಅಧ್ಯಕ್ಷರು ಗಟ್ಟಿಯಾಗಿ ಓದಿದರು. ಹೊರಟವರೆಲ್ಲ ನಿಂತು ಕೇಳಿದರು. ಅವಳು ಬ್ಯಾಂಡೇಜಿನಿಂದ ಹೊರಗಿದ್ದ ಹೆಬ್ಬೆರಳನ್ನು ಶಾಯಿಗೆ ಒತ್ತಿ ನನ್ನ ಸಹಿಯ ಪಕ್ಕದಲ್ಲೇ ಮೂಡಿಸಿದಳು.

ಸಂಜೆ ಬಸ್ಸಿಗೆ ಹೊರಡುವಾಗ ನೋಡಿದರೆ ಅವಳು ಎಂದಿನಂತೆ ಪೆಡಲ್ ಕಿತ್ತು ಬಟ್ಟೆಯಲ್ಲಿ ಸುತ್ತುತ್ತಿದ್ದಳು. "ಇನ್ನ ಅದನ್ನ ಮನಿಗೆ ಒಯ್ಯೂದು ಬ್ಯಾಡ್ರಿ ಯವ್ವಾ, ಇಲ್ಲೇ ಇದ್ರೂ ನಡೀತೈತಿ" ಎಂದೆ.

"ನಿಮ್ಮ ಕಲ್ಲು ನಿಮ್ಮ ಪೆಟಿಗ್ಯಾಗ ಇರ್ಲಿ ತಮ್ಮಾ, ನನ್ನ ಪೆಡಲ್ ನನ್ನ ಮಾಡದಾಗ ಇರ್ಲಿ" ಎಂದಳು. ಅಲ್ಲಿಯವರೆಗೆ ಸಾಹೇಬ್ರ ಎನ್ನುತ್ತಿದ್ದವಳು ಮೊದಲ ಸಲ ನನ್ನನ್ನು ತಮ್ಮಾ ಎಂದಿದ್ದಳು. ಯಂತ್ರಕ್ಕೆ ಕಂಬಳಿ ಹೊದಿಸಿ, ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಯ ಕಡೆ ನಡೆದಳು.